ಹೇಳಿಕೊಟ್ಟರೆ ಹೇಳುತ್ತಿದ್ದ ಯಜಮಾನರು

ನನ್ನ ಭಾವ ಸತ್ತಾಗ ಬೀದಿ ತುಂಬ ಜನ. ಗೋಳೋ ಎಂದು ಅತ್ತವರಲ್ಲಿ ಅರ್ಧಕ್ಕರ್ಧ ಮಂದಿಗೆ ಅವನ ನಿಜವಾದ ಹೆಸರೇ ಗೊತ್ತಿರಲಿಲ್ಲ. ಟೀವಿ ಧಾರಾವಾಹಿಯಲ್ಲಿ ತುಂಬು ಸಂಸಾರದ ಯಜಮಾನನಾಗಿ ವರ್ಷಗಟ್ಟಲೆ ಮೆರೆದಿದ್ದ, ಹಾಗಾಗಿ ಊರಿಗೆಲ್ಲ 'ಯಜಮಾನರು'. ಅಕ್ಕನ ಗಂಡ, ಬಹುವಚನ ಕೊಡಬೇಕು, ನನಗೆ ಮನಸ್ಸಿಲ್ಲ. ಸ್ವಂತ ಮನೆಯಲ್ಲಿ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದವನಲ್ಲ. ಆ ಮನೆಯನ್ನು ಕಟ್ಟಿಸಿದ್ದೂ ಅಕ್ಕನೇ, ಹೊಲಿಗೆ ಯಂತ್ರದ ಮುಂದೆ ಬೆನ್ನು ಮುರಿದುಕೊಂಡು. ಪತ್ರ ಮಾತ್ರ ಅವನ ಹೆಸರಿಗೆ. ಗಂಡನಿಗೆ ಬೇಜಾರಾಗಬಾರದಂತೆ!

ಈ ಧಾರಾವಾಹಿ ನಟರ ಕಸುಬಿನ ಗುಟ್ಟು ಕೇಳಿ. ಮಾತು ಬಾಯಿಪಾಠ ಮಾಡಲು ಇವರಿಗೆ ಪುರುಸೊತ್ತಿಲ್ಲ. ಕ್ಯಾಮೆರಾದ ಹಿಂದೆ ಒಬ್ಬ ನಿಂತು ಸಾಲು ಸಾಲಾಗಿ ಓದುತ್ತಾನೆ, ನಟ ಅದನ್ನೇ ಭಾವ ತುಂಬಿ ಒಪ್ಪಿಸುತ್ತಾನೆ. ಓದಿದವನ ದನಿಯನ್ನು ಆಮೇಲೆ ಅಳಿಸುತ್ತಾರೆ. ಒಪ್ಪಿಸಿ ಒಪ್ಪಿಸಿ ಭಾವನಿಗೆ ಸ್ವಂತ ಮಾತೇ ಮರೆತುಹೋಗಿತ್ತು. ಜಗಳಕ್ಕೂ ಅಕ್ಕನೇ ಮಾತು ಒದಗಿಸಬೇಕು.

“ನೀನು... ನೀನು...” ಎಂದು ತಡವರಿಸುತ್ತಿದ್ದ.

“ಮನೆಹಾಳಿ ಅನ್ನಿ,” ಎನ್ನುತ್ತಿದ್ದಳು ಅಕ್ಕ.

“ನೀನು ಮನೆಹಾಳಿ!” ಎಂದು ಗುಡುಗುತ್ತಿದ್ದ.

ಮಕ್ಕಳಾಗಲಿಲ್ಲ. ಧಾರಾವಾಹಿಯಲ್ಲಿ ಹೆಂಡತಿಯಾಗಿದ್ದ ನಟಿಯ ಮನೆಗೆ ಹೋಗಿ ಠಿಕಾಣಿ ಹೂಡಿದ. ಧಾರಾವಾಹಿ ನಿಂತಿತು, ಆಸಾಮಿ ಹಾಸಿಗೆ ಹಿಡಿದ. ಆ ಮಹಾತಾಯಿ ಟ್ಯಾಕ್ಸಿ ಹತ್ತಿಸಿ ವಾಪಸು ಕಳಿಸಿದಳು. ಅಕ್ಕ ಕೈಹಿಡಿದು ಒಳಗೆ ಕರೆದುಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು.

ಸತ್ತ ಮೇಲೆ ಎರಡು ಉಯಿಲು ಹೊರಬಂದವು, ಎರಡೂ ಮೊಬೈಲಿನಲ್ಲಿ ತೆಗೆದ ವೀಡಿಯೊ. ರೋಗಿಯನ್ನು ನೋಡುವ ನೆಪದಲ್ಲಿ ಬಂದ ಅವನ ಅಣ್ಣ ಒಂದು ತೆಗೆದಿದ್ದ, ಟ್ಯಾಕ್ಸಿ ಹತ್ತಿಸುವ ಮೊದಲೇ ನಟಿ ಇನ್ನೊಂದು. ಒಂದರಲ್ಲಿ ಮನೆ ಅಣ್ಣನಿಗೆ, ಇನ್ನೊಂದರಲ್ಲಿ ನಟಿಗೆ. ಎರಡರಲ್ಲೂ ಅದೇ ಗದ್ಗದ, ಅದೇ ಕಣ್ಣೀರಂತೆ. ಅಕ್ಕ ಬೀದಿಪಾಲಾದಳು ಎಂದೇ ನಾನು ತಿಳಿದೆ.

ಕೋರ್ಟಿನಲ್ಲಿ ಮೊದಲು ಅಣ್ಣನ ವೀಡಿಯೊ ಹಾಕಿದರು. “ಈ ಮನೆ ನನ್ನಣ್ಣನಿಗೇ ಸೇರಬೇಕು,” ಎಂದ ಯಜಮಾನ ಅದೇ ಗದ್ಗದದಲ್ಲಿ ಮುಂದುವರಿಸಿದ: “ಸ್ವಲ್ಪ ಎದೆ ಹಿಡ್ಕೊಂಡು ಹೇಳು.” ಎಲ್ಲರೂ ಘೊಳ್ಳೆಂದು ನಕ್ಕರು. ಕತ್ತರಿಸಿದರೆ ಕಳ್ಳ ವೀಡಿಯೊ ಆಗುತ್ತದೆಂದು ವಕೀಲರು ಹೆದರಿಸಿದ್ದರಂತೆ, ಅದಕ್ಕೇ ಅಣ್ಣ ಹಾಗೇ ಬಿಟ್ಟಿದ್ದ. ನಟಿಯದು ಇನ್ನೂ ಚೆನ್ನ. ಓದಿದ ದನಿಯನ್ನು ಯಾರೋ ಅಳಿಸಿಕೊಡುತ್ತಾರೆಂಬ ಅಭ್ಯಾಸಬಲ ನೋಡಿ, ಪ್ರತಿ ಮಾತಿನ ಹಿಂದೆಯೂ ಅವಳ ಕಂಠ ಸ್ಪಷ್ಟವಾಗಿ ಕೇಳುತ್ತಿತ್ತು. ನ್ಯಾಯಾಧೀಶರು ಎರಡನ್ನೂ ತಳ್ಳಿಹಾಕಿದರು. ಮನೆ ಹೆಂಡತಿಗೆ ಉಳಿಯಿತು.

ಹೊರಗೆ ಬಂದು ಕುಣಿಯುವಷ್ಟು ಖುಷಿಯಲ್ಲಿ ಕೇಳಿದೆ, “ಅಕ್ಕಾ, ನೀನೂ ಒಂದು ವೀಡಿಯೊ ಮಾಡ್ಬೋದಿತ್ತಲ್ಲ?”

“ಮಾಡ್ದೆ ಕಣೋ.”

“ಏನಂದ?”

“ಈ ಮನೆ ಯಾರಿಗೆ ರೀ ಅಂತ ಕೇಳ್ದೆ. ನನ್ನ ಬಾಯೇ ನೋಡ್ತಾ ಮಲಗಿದ್ರು. ನಾನು ಹೇಳಿಕೊಡ್ಲಿಲ್ಲ. ಮದುವೆ ಆದಾಗಿಂದ ಒಂದು ಮಾತಾದ್ರೂ ಅವರದೇ ಇರ್ಲಿ ಅಂತ ಕಾದೆ. ಬರ್ಲೇ ಇಲ್ಲ. ಅಳಿಸಿಬಿಟ್ಟೆ.”

ಇಷ್ಟು ಹೇಳಿ, ಮನೆ ಗೆದ್ದ ನನ್ನಕ್ಕ ಕೋರ್ಟಿನ ಮೆಟ್ಟಿಲ ಮೇಲೆ ಕುಸಿದು ಕೂತು, ಆ ದಂಡಪಿಂಡಕ್ಕಾಗಿ ಬಿಕ್ಕಿ ಬಿಕ್ಕಿ ಅತ್ತಳು.