ಗಡಿ ತಪ್ಪಿದ ಮೊರ

ಅವರ ಬಲಗೈಯ ಹೆಬ್ಬೆರಳು ಚಪ್ಪಟೆಯಾಗಿತ್ತು, ಬಡಿದ ರೊಟ್ಟಿಯ ಅಂಚಿನ ಹಾಗೆ. ಉಗುರು ಇರಲಿಲ್ಲ. ಮಸ್ಕತ್ತಿನಲ್ಲಿ ದುಡಿಯುವಾಗ ಲಾರಿಯ ಬಾಗಿಲಿಗೆ ಸಿಕ್ಕಿತ್ತಂತೆ. ತೂಕ ಮಾಡುವಾಗ ಆ ಬೆರಳನ್ನು ಮೇಲಕ್ಕೆತ್ತಿ ಹಿಡಿದು, "ನೋಡಿಕೊಳ್ಳಿ ಅಕ್ಕ, ಇದು ತಕ್ಕಡಿಗೆ ತಾಗಲಿಲ್ಲ" ಎಂದು ನಗುತ್ತಿದ್ದರು.

ಉಡುಪಿಯ ಬನ್ನಂಜೆಯಲ್ಲಿ ನಮ್ಮ ಓಣಿಯ ತುದಿಗೆ ಅವರ ದಿನಸಿ ಅಂಗಡಿ. ಊರವರೆಲ್ಲ ಕಾಕ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ನಾವೆಂದರೆ ಬಾದಾಮಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಒಂದೇ ಸಾಲಿನ ಎಂಟು ಬಾಡಿಗೆ ಕೋಣೆಗಳಲ್ಲಿ ಇದ್ದ ಜನ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಬರೆದು ರೂಢಿಯಿಲ್ಲ. ಆದರೆ ಈಗ ನಾನು ಅಜ್ಜಿ! ಮೂರು ತಿಂಗಳ ಮೊಮ್ಮಗಳು ತೊಟ್ಟಿಲಲ್ಲಿ ತನ್ನಷ್ಟಕ್ಕೆ ಮಾತಾಡುತ್ತ ಕಾಲು ಬಡಿಯುತ್ತಿದ್ದಾಳೆ. ಆ ಪುಟ್ಟ ಕಾಲು ನೋಡಿದರೆ ಸಾಕು, ನನಗೆ ಹಸಿವೆಯೂ ಆಗುವುದಿಲ್ಲ, ದಣಿವೂ ಆಗುವುದಿಲ್ಲ. ಆದರೆ ಅದರ ಬೆನ್ನಿಗೇ ಆ ಹೆಬ್ಬೆರಳು ಕಣ್ಣಿಗೆ ಕಟ್ಟುತ್ತದೆ. ಅದಕ್ಕೇ ಬರೆಯಲು ಕೂತೆ.

ಅಕ್ಕಿ ತಿನ್ನುವ ಊರಿನಲ್ಲಿ ಕಾಕ ನಮ್ಮ ಎಂಟು ಮನೆಗಾಗಿ ಜೋಳ ತರಿಸುತ್ತಿದ್ದರು, ಹುಬ್ಬಳ್ಳಿಯ ಲಾರಿಯವರಿಗೆ ಹೇಳಿ. "ನಿಮ್ಮ ರೊಟ್ಟಿ ಬಡಿಯುವ ಸದ್ದು ಕೇಳದಿದ್ದರೆ ನನಗೆ ಬೆಳಗಾಗುವುದಿಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಹೋದ ಮಳೆಗಾಲದಲ್ಲಿ ಹಂದಿ ಜ್ವರ ಬಂತು. ಒಬ್ಬೊಬ್ಬರು ಒಂದೊಂದು ಧೈರ್ಯ ಹುಡುಕಿಕೊಂಡರು. ಊರವರು ಆಟಿ ತಿಂಗಳು ಮಾರಿಯ ಕಾಲ ಎಂದು ಬಾಗಿಲು ಹಾಕಿಕೊಂಡರು. ಕಾರ್ಕಳದ ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಪಕ್ಕದ ಸೀಟು ಖಾಲಿಯಾಗುತ್ತಿತ್ತು. ನಾವು ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿ ಮೂಸುತ್ತ ಕೆಲಸಕ್ಕೆ ಹೋದೆವು. ಕಾಕ ಅಂಗಡಿಯ ಮುಂದೆ ಒಂದು ಬಕೆಟ್ ನೀರು, ದಾರಕ್ಕೆ ಕಟ್ಟಿದ ಸೋಪು ಇಟ್ಟರು. "ಕರ್ಪೂರ ಮುಗಿಯಿತು, ಸೋಪು ಉಂಟು. ಅದನ್ನೂ ಮೂಸಬೇಡಿ, ಕೈ ತೊಳೆಯಿರಿ!"

ನಮ್ಮ ಕೋಣೆಗಳ ಯಜಮಾನರದು ಒಂದೇ ಮಾತು. "ಯಾರಿಗಾದರೂ ಜ್ವರ ಬಂದರೆ ಆ ದಿನವೇ ರೂಮು ಖಾಲಿ ಮಾಡಬೇಕು."

ಜ್ವರ ಬಂದದ್ದು ನನ್ನ ಮಗಳಿಗೆ. ಏಳು ತಿಂಗಳ ಬಸುರಿ. ಅಳಿಯ ನಂದಿಕೂರಿಗೆ ಗಾರೆ ಕೆಲಸಕ್ಕೆ ಹೋಗಿ ಅಲ್ಲೇ ಉಳಿದಿದ್ದ. ನಾನು ಯಾರಿಗೂ ಹೇಳಲಿಲ್ಲ. ಮಳೆಯಲ್ಲಿ ಬಸುರಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಕಿಟಕಿಗೆ ಸೀರೆ ಕಟ್ಟಿದೆ. ಅವಳು ಕೆಮ್ಮಿದಾಗೆಲ್ಲ ಪಾತ್ರೆ ಬಡಿದು ಸದ್ದು ಮಾಡಿದೆ.

ನಮ್ಮ ಊರಲ್ಲಿ ಇಂಥ ಜಡ್ಡು ಬಂದರೆ ಮೊರದಲ್ಲಿ ಹಸಿರು ಬಳೆ, ಕುಪ್ಪಸದ ಬಟ್ಟೆ, ಬೇವು, ಅರಿಶಿನ ಕುಂಕುಮ ಇಟ್ಟು, ಮಾರಿ ದುರಗವ್ವನನ್ನು ಊರ ಗಡಿ ದಾಟಿಸಿ ಬರುತ್ತೇವೆ. ಇಟ್ಟ ಮೇಲೆ ಹಿಂತಿರುಗಿ ನೋಡಬಾರದು. ಮೂರನೆಯ ದಿನ ಮುಸ್ಸಂಜೆ ನಾನೂ ಪಕ್ಕದ ಕೋಣೆಯವಳೂ ಕೊಡೆಯ ಕೆಳಗೆ ಮೊರ ಹಿಡಿದು ಹೊರಟೆವು. ಆದರೆ ಉಡುಪಿಯಲ್ಲಿ ಗಡಿ ಎಲ್ಲಿ? ಒಂದು ಮನೆ ಮುಗಿಯುವ ಮೊದಲೇ ಇನ್ನೊಂದು ಶುರು. ಸುತ್ತಿ ಸುತ್ತಿ ಕಾಲು ಸೋತವು. ಕೊನೆಗೆ ಒಂದು ಹಿಂಬದಿಯ ಓಣಿಯಲ್ಲಿ ಸುಣ್ಣ ಬಳಿದು ನೆಟ್ಟ ಕಲ್ಲು ಕಂಡಿತು.

"ಇಲ್ಲೈತಿ ನೋಡವ್ವಾ ಗಡಿಕಲ್ಲು" ಎಂದಳು ಪಕ್ಕದ ಕೋಣೆಯವಳು.

ಇಟ್ಟೆವು. ಕೈಮುಗಿದೆವು. ಹಿಂತಿರುಗಿ ನೋಡದೆ ಬಂದೆವು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದರೆ ನಮ್ಮ ಮೊರ ಕಾಕನ ಮೇಜಿನ ಮೇಲಿತ್ತು. ಟೆಂಪೋ ತಿರುಗಿಸುವಾಗ ಗೋಡೆಗೆ ತಾಗದಿರಲೆಂದು ಕಾಕನೇ ತಮ್ಮ ಮನೆಯ ಹಿತ್ತಿಲ ಬಾಗಿಲಲ್ಲಿ ನೆಟ್ಟ ಕಲ್ಲಂತೆ ಅದು!

ರಿಕ್ಷಾದವನೊಬ್ಬ ರೇಗುತ್ತಿದ್ದ. "ಕಾಕ, ಅದನ್ನು ಮುಟ್ಟಿದ್ದು ಎಂತಕ್ಕೆ? ಈ ಘಟ್ಟದವರು ನಿಮ್ಮ ಮನೆಗೆ ಮಾರಿ ಬಿಟ್ಟು ಹೋದದ್ದು!"

"ಪಾಪ, ಮಾರಿಗೆ ಉಡುಪಿಯ ದಾರಿ ಗೊತ್ತಿಲ್ಲ ಮಾರಾಯ. ಮಳೆಯಲ್ಲಿ ನೆನೆಯುತ್ತಿತ್ತು, ನಮ್ಮವಳು ಒಳಗೆ ತಂದಳು. ಬಳೆ ಚಂದ ಉಂಟು, ಅಲ್ವಾ?"

ಅವನು ಗೊಣಗುತ್ತ ರಿಕ್ಷಾದ ಕಡೆಗೆ ಹೋದ. ಕಾಕ ನನ್ನ ಕಡೆ ತಿರುಗಿದರು. ನಗು ಇರಲಿಲ್ಲ.

"ಮೂರು ದಿನದಿಂದ ನೀವು ಜೋಳ ಕೇಳಲಿಲ್ಲ, ಗಂಜಿಯ ಅಕ್ಕಿ ಕೇಳ್ತಾ ಇದ್ದೀರಿ. ಯಾರಿಗೆ ಜ್ವರ?"

"ಯಾರಿಗೂ ಇಲ್ರಿ ಕಾಕಾ. ಹೊಟ್ಟಿ ಸರಿ ಇಲ್ಲ, ಅಷ್ಟ."

"ಮಸ್ಕತ್ತಿನಲ್ಲಿ ನಾವು ಹನ್ನೆರಡು ಜನ ಒಂದೇ ರೂಮಿನಲ್ಲಿ ಇದ್ದದ್ದು. ನನ್ನ ಪಕ್ಕದ ಮಂಚದವನಿಗೆ ಜ್ವರ ಬಂತು. ಹೇಳಿದರೆ ಊರಿಗೆ ಕಳಿಸ್ತಾರೆ ಅಂತ ಅವ ಹೇಳಲಿಲ್ಲ. ನನಗೆ ಗೊತ್ತಿತ್ತು, ನಾನೂ ಹೇಳಲಿಲ್ಲ. ಒಂದು ಬೆಳಿಗ್ಗೆ ಅವ ಏಳಲೇ ಇಲ್ಲ." ಮೊರದ ಬಳೆಗಳನ್ನು ಒಂದು ಬದಿಗೆ ಸರಿಸಿದರು. "ಮಗಳಿಗೆ, ಅಲ್ವಾ?"

"ಹೌದ್ರಿ ಕಾಕಾ" ಎಂದೆ.

ಮಣಿಪಾಲದ ಆಸ್ಪತ್ರೆಗೆ ಒಯ್ಯಲು ರಿಕ್ಷಾದವನನ್ನು ಕರೆದರೆ, "ಮನೆಯಲ್ಲಿ ಸಣ್ಣ ಮಕ್ಕಳು ಉಂಟು ಕಾಕ" ಎಂದು ಗಾಡಿ ಹೊರಡಿಸಿಯೇ ಬಿಟ್ಟ. ಕಾಕ ಸಾಮಾನಿನ ಟೆಂಪೋ ತೆಗೆದರು. ಮುಂದಿನ ಸೀಟಿನಲ್ಲಿ ನಾನು, ನಡುವೆ ಮಗಳು, ಆ ಕಡೆ ಅವರು. ಮಣಿಪಾಲದ ಏರಿನಲ್ಲಿ ಗೇರು ಬದಲಿಸಿದಾಗೆಲ್ಲ ಮಗಳ ಸುಡುವ ತಲೆ ಅವರ ಹೆಗಲ ಮೇಲೆ ಬೀಳುತ್ತಿತ್ತು. ಅವರು ಹೆಗಲು ಸರಿಸಲಿಲ್ಲ.

ಒಂಬತ್ತು ದಿನಕ್ಕೆ ಮಗಳು ಎದ್ದು ಕೂತಳು, ಹೊಟ್ಟೆಯಲ್ಲಿ ಕೂಸು ಒದೆಯಿತು. ವಾಪಸು ಬಂದರೆ ಕೋಣೆಗೆ ಬೀಗ ಬಿದ್ದಿರಲಿಲ್ಲ. "ಇವರನ್ನು ಹೊರಗೆ ಹಾಕಿದರೆ ನನ್ನ ಗೋದಾಮಿನಲ್ಲಿ ಇರ್ತಾರೆ, ಆಮೇಲೆ ಊರಿಡೀ ನಿಮ್ಮ ಸುದ್ದಿ ಹೇಳುವವ ನಾನೇ" ಎಂದು ಕಾಕ ಯಜಮಾನರಿಗೆ ಹೇಳಿದ್ದರಂತೆ.

ಮಗಳು ಹುಷಾರಾದ ಸುದ್ದಿ ಹೇಳಲು ಹೋದಾಗ ಅಂಗಡಿ ಮುಚ್ಚಿತ್ತು. ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದರು: "ನನಗೆ ಜ್ವರ. ಯಾರೂ ಬರಬೇಡಿ." ಅವರದೇ ಅಕ್ಷರ. ನಮ್ಮ ಹಾಗೆ ಮುಚ್ಚಿಡಲಿಲ್ಲ.

ಅದೇ ಮಣಿಪಾಲಕ್ಕೆ ಹೋದರು, ಬರಲಿಲ್ಲ. ಸಕ್ಕರೆ ಕಾಯಿಲೆ ಇತ್ತು, ದೇಹ ತಡೆಯಲಿಲ್ಲ ಎಂದರು.

ನಲವತ್ತು ದಿನ ಕಳೆದ ಮೇಲೆ ಅವರ ಹೆಂಡತಿಯ ಮುಂದೆ ಹೋಗಿ ನಿಂತೆ. ಕಾಪು ಕಡೆಯವರು, ಮಾತು ಕಡಿಮೆ. "ಆ ಮೊರ ಇಟ್ಟಾಕಿ ನಾನ ರೀ" ಎಂದು ಅತ್ತೆ.

ಅವರು ನನ್ನನ್ನೇ ನೋಡಿದರು. "ಅದನ್ನು ಎತ್ತಿ ಒಳಗೆ ತಂದದ್ದು ನಾನು. ಮೊರದಿಂದ ಜ್ವರ ಬರುವುದಾದರೆ ನನಗೆ ಯಾಕೆ ಬರಲಿಲ್ಲ?"

ಸಮಾಧಾನಕ್ಕೆ ಹೇಳಿದ್ದೇ ಇರಬೇಕು. ಆದರೆ ದಾರಿಯಲ್ಲಿ ಬರುತ್ತ ನನಗೆ ಹೊಳೆಯಿತು. ಮೊರ ಅಲ್ಲದಿದ್ದರೆ ಮತ್ತೇನು, ಮಗಳ ಸುಡುವ ತಲೆ ಬಿದ್ದ ಆ ಹೆಗಲೇ. ಅಂದಿನಿಂದ ಮಣಿಪಾಲದ ಏರಿನಲ್ಲಿ ಯಾವ ಗಾಡಿ ಗೇರು ಬದಲಿಸಿದರೂ ನಾನು ಕಿವಿ ಮುಚ್ಚಿಕೊಳ್ಳುತ್ತೇನೆ.

ಕೂಸು ಹುಟ್ಟಿದ ವಾರ ಕಾಕನ ಹೆಂಡತಿ ಆ ಹಸಿರು ಬಳೆಗಳನ್ನು ಕಾಗದದಲ್ಲಿ ಸುತ್ತಿ ಕಳಿಸಿದರು. ತೊಟ್ಟಿಲಿಗೆ ಕಟ್ಟಿದ್ದೇನೆ. ಅವು ಕಿಣಿಗುಟ್ಟಿದರೆ ನನ್ನ ಬಂಗಾರ ಬೊಚ್ಚುಬಾಯಿ ಬಿಟ್ಟು ನಗುತ್ತಾಳೆ, ನಾನೂ ನಗುತ್ತೇನೆ, ನಕ್ಕು ನಕ್ಕು ಕಣ್ಣಲ್ಲಿ ನೀರು ಬರುತ್ತದೆ.

ಸಂಜೆ ಅವಳನ್ನು ಎತ್ತಿಕೊಂಡು ಆ ಹಿಂಬದಿಯ ಓಣಿಗೆ ಹೋಗುತ್ತೇನೆ. ಕಲ್ಲಿನ ಹತ್ತಿರ ನಿಲ್ಲುತ್ತೇನೆ, ಮತ್ತೆ ಹೊರಡುತ್ತೇನೆ. ಹಿಂತಿರುಗಿ ನೋಡಬಾರದು ಎನ್ನುತ್ತಿದ್ದಳು ನನ್ನ ಅವ್ವ. ನಾನು ದಿನಾ ನೋಡುತ್ತೇನೆ. ಕೂಸಿನ ಮುಖವನ್ನೂ ಕಾಕನ ಆ ಹಿತ್ತಿಲ ಬಾಗಿಲ ಕಡೆಗೇ ತಿರುಗಿಸಿ ಹಿಡಿಯುತ್ತೇನೆ.