ಎದ್ದು ಸತ್ಕಾರ ಪಡೆದ ಹೆಣ

ನಾನು ಬರೆದು ಆಡಿಸಿದ ನಾಟಕದಲ್ಲಿ ಕಥೆಗಾರನೊಬ್ಬ ಸತ್ತ ಪ್ರೇಯಸಿಯ ಪಕ್ಕ ಕೂತಿರುತ್ತಾನೆ. ಕಥೆ ಮುಗಿಯುವವರೆಗೆ ಹೆಣ ಎತ್ತುವಂತಿಲ್ಲ ಎಂಬುದು ಆ ಊರಿನ ಕಟ್ಟಳೆ. ಅದಕ್ಕೇ ಅವನು ಕಥೆ ಮುಗಿಸುವುದಿಲ್ಲ. ಚಟ್ಟ ಹೊರುವವರು ಆಕಳಿಸುತ್ತ ಕಾಯುತ್ತಾರೆ. ಕೊನೆಗೆ ಅವನ ಮಾತು ಬತ್ತುತ್ತದೆ, ಅವಳನ್ನು ಎತ್ತುತ್ತಾರೆ. ಆ ಒಂದು ಮೌನಕ್ಕಾಗಿ ಬೆಳಗಾವಿಯಲ್ಲಿ ಮಳೆಗಾಲವಿಡೀ ತಾಲೀಮು ಮಾಡಿದ್ದೆವು.

ಖಾನಾಪುರದ ಪ್ರಯೋಗದಲ್ಲಿ ಆ ಮೌನಕ್ಕೆ ತುಸು ಮೊದಲು ಸಂಘಟಕರು ಹಾರ, ಶಾಲು ಹಿಡಿದು ರಂಗದ ಪಕ್ಕ ಪರದೆಯ ಮರೆಯಲ್ಲಿದ್ದ ನನ್ನ ಬಳಿ ಬಂದರು.

“ಸರ, ಸ್ವಲ್ಪ ನಾಟಕ ನಿಂದರಸ್ರಿ. ಅಧ್ಯಕ್ಷರು ಪೀರನವಾಡಿಗೆ ಲಗ್ನಕ್ಕ ಹೋಗಬೇಕು. ಕಲಾವಿದರ ಸತ್ಕಾರ ಮುಗಿಸೂಣು.”

“ಅಕಿ ಸತ್ತು ಮಲಗ್ಯಾಳ್ರಿ.”

“ಎಬ್ಬಸ್ರಿ. ಹಾರ ಹಾಕಿಸ್ಕೊಂಡು ಮತ್ತ ಸಾಯಲಿ.”

ನಾನು ಬೇಡವೆನ್ನುವಷ್ಟರಲ್ಲಿ ಅವರು ಮೈಕ್ ಹಿಡಿದು ರಂಗದ ಮೇಲಿದ್ದರು. ಹೆಣ ಎದ್ದು ಕೂತಿತು, ಸೆರಗು ಸರಿಮಾಡಿಕೊಂಡು ಹಾರಕ್ಕೆ ಕೊರಳೊಡ್ಡಿತು, ಅಧ್ಯಕ್ಷರ ಕಾಲು ಮುಟ್ಟಿ ಮತ್ತೆ ಮಲಗಿತು. ಹಾರ ಹಾಕುವವರ ಅವಸರದ ಮುಂದೆ ನಮ್ಮಲ್ಲಿ ಸಾವಿಗೂ ಮರ್ಯಾದೆಯಿಲ್ಲ.

ನಾಟಕ ಮುಂದುವರಿದು ಕಥೆಗಾರನ ಮಾತು ನಿಂತಿತು. ಚಟ್ಟ ಬಂತು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು ನಿಂತಳು.

“ಯಾಕ್ರೋ ಒಯ್ತೀರಿ? ಅಕಿ ಈಗರ ಎದ್ದಿದ್ದಳಲ್ಲ? ಅಂವಾ ಇಷ್ಟೊತ್ತು ಕತಿ ಹೇಳಿದ್ದು ಸುಮ್ಮನ ಏನು?”

“ಖರೇ ಐತಿ, ಬಿಡ್ರೋ ಅಕಿನ್ನ” ಎಂದು ಸಭೆಯೆಲ್ಲ ದನಿಗೂಡಿಸಿತು. ಹೊರುವವರು ಕಕ್ಕಾಬಿಕ್ಕಿಯಾಗಿ ನನ್ನತ್ತ ನೋಡಿದರು. ಸಿಟ್ಟಿನಿಂದ ಒಳಗೆ ಬನ್ನಿರೆಂದು ಕೈಬೀಸಿದೆ.

ಅವರು ಖಾಲಿ ಚಟ್ಟವನ್ನೇ ಹೊತ್ತು ಹೊರಟರು. ನಾನು ಬರೆದ ಯಾವ ಮಾತಿಗೂ ಅಷ್ಟು ಚಪ್ಪಾಳೆ ಈವರೆಗೆ ಬಿದ್ದಿಲ್ಲ.