ಮಂಜಿನೊಳಗಿಂದ ಚಹಾಕ್ಕೆ ಕರೆ

ದೆವ್ವ, ಭೂತ, ಶಕುನ, ಎಡಗಣ್ಣು ಅದುರುವುದು ಇತ್ಯಾದಿಗಳಿಗೆ ನಾನು ಎಂದೂ ಮರ್ಯಾದೆ ಕೊಟ್ಟವನಲ್ಲ. ಇದಕ್ಕೆ ನನ್ನ ಉದ್ಯೋಗವೂ ಕಾರಣ. ಕುವೈತಿನ ಎಣ್ಣೆ ಕಂಪೆನಿಯೊಂದರಲ್ಲಿ ಒತ್ತಡದ, ಉಷ್ಣದ ಮಾಪಕಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷಿಸುವುದು ನನ್ನ ಕೆಲಸ. ಮುಳ್ಳು ವಿನಾಕಾರಣ ಅಲ್ಲಾಡುವುದಿಲ್ಲ. ಅಲ್ಲಾಡಿದರೆ ತಂತಿ ಸಡಿಲವಾಗಿರುತ್ತದೆ, ಒಳಗೆ ತೇವ ಸೇರಿರುತ್ತದೆ, ಇಲ್ಲವೇ ಹಿಂದಿನ ಸಲ ನಾನೇ ಸ್ಕ್ರೂ ಸರಿಯಾಗಿ ಬಿಗಿದಿರುವುದಿಲ್ಲ. ಕಾರಣ ಸಿಗದ ಪ್ರಕರಣ ನನ್ನ ಅನುಭವದಲ್ಲಿ ಒಂದೇ ಒಂದು. ಅದು ನಡೆದದ್ದು ರಜೆಯ ದಿನ, ಕಡಲ ದಂಡೆಯಲ್ಲಿ. ಓದುಗರು ನಂಬಲೇಬೇಕೆಂಬ ಒತ್ತಾಯವಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಆಗ ನಾವು ಕುವೈತಿನ ಮಹಬೂಲಾ ಬಡಾವಣೆಯ ಫ್ಲಾಟಿನಲ್ಲಿದ್ದೆವು. ಮೇಲಿನ ಮಹಡಿಯ ಲಾರೆನ್ಸ್ ಮದುವೆಯ ಉಂಗುರ ಕಡಲಲ್ಲಿ ಬಿದ್ದುಹೋಯಿತೆಂದು ಭಾವಿಸಿ, ಅದನ್ನು ಹುಡುಕಲೆಂದು ಲೋಹ ಪತ್ತೆಹಚ್ಚುವ ಮಿಷನ್ ತರಿಸಿದ್ದ. ಉಂಗುರ ಅವನ ಶೇವಿಂಗ್ ಪೆಟ್ಟಿಗೆಯಲ್ಲೇ ಸಿಕ್ಕಿತು. ಹೆಂಡತಿಯ ಎದುರು ಆ ಮಿಷನ್ ಇಟ್ಟುಕೊಳ್ಳುವುದು ಅವನಿಗೆ ಕಷ್ಟವಾಯಿತು. ಹಾಗೆ ಅದು ನಮ್ಮ ಮನೆಗೆ ಬಂತು. ಉದ್ದ ಕೋಲು, ತುದಿಯಲ್ಲಿ ಊಟದ ತಟ್ಟೆಯಂಥ ಒಂದು ಭಾಗ, ಕಿವಿಗೆ ಹೆಡ್‌ಫೋನ್. ತಟ್ಟೆಯ ಕೆಳಗೆ ಒಂದು ಗೇಣಿನೊಳಗೆ ಲೋಹವಿದ್ದರೆ ಕಿವಿಯಲ್ಲಿ 'ಟೊಂಯ್' ಎನ್ನುತ್ತದೆ. ಇಷ್ಟೇ ಅದರ ವಿದ್ಯೆ.

ಚಳಿಗಾಲದ ಪ್ರತಿ ಶುಕ್ರವಾರ ಬೆಳಿಗ್ಗೆ ನಾನೂ ಹೆಂಡತಿ ವಸಂತಿಯೂ ದಕ್ಷಿಣದ ದಂಡೆಗೆ ಹೊರಡುತ್ತಿದ್ದೆವು. ಹಳೆಯ ಅವಶೇಷಗಳ ಕಡೆ ಹೋಗಬಾರದೆಂಬುದು ಸರಕಾರದ ಕಾನೂನು. ಯುದ್ಧದ ಕಾಲದ ಸಿಡಿಗುಂಡುಗಳು ಇನ್ನೂ ಇರಬಹುದಾದ್ದರಿಂದ ಮರುಭೂಮಿಯ ಕಡೆ ಹೋಗಬಾರದೆಂಬುದು ವಸಂತಿಯ ಕಾನೂನು. ಎರಡನ್ನೂ ಪಾಲಿಸಿದೆವು. ನಾನು ಮಿಷನ್ ಬೀಸುವುದು, ಅವಳು ಅಗೆಯುವುದು. ಅಗೆಯಲು ಅವಳು ಆರಿಸಿಕೊಂಡ ಆಯುಧವೆಂದರೆ ಪುತ್ತೂರಿನ ತವರುಮನೆಯಿಂದ ತಂದ, ಬೂಂದಿ ಕರಿಯುವ ತೂತಿನ ಸೌಟು. ಮರಳು ತೂತಿನಿಂದ ಸೋರಿಹೋಗಿ ವಸ್ತು ಉಳಿಯುತ್ತಿತ್ತು. ಇದಕ್ಕೆಂದೇ ಮಾಡಿದ ವಿಲಾಯಿತಿ ಸಲಕರಣೆಯನ್ನು ಅಂಗಡಿಯಲ್ಲಿ ನೋಡಿದ್ದೇವೆ. ಅದು ನಮ್ಮ ಸೌಟಿನ ಮುಂದೆ ಏನೂ ಅಲ್ಲ.

ಸಿಗುತ್ತಿದ್ದುದು ಬಹುಪಾಲು ಪೆಪ್ಸಿ ಮುಚ್ಚಳ, ಡೇರೆಯ ಗೂಟ, ಐವತ್ತು ಫಿಲ್ಸಿನ ನಾಣ್ಯ. ಮಗಳು ಹಾಸಿಗೆಯಿಂದಲೇ "ಡ್ಯಾಡ್, ಇಟ್ಸ್ ಜಸ್ಟ್ ಟ್ರ್ಯಾಶ್" ಎಂದು ತೀರ್ಪು ಕೊಡುತ್ತಿದ್ದಳು. ಒಂದು ಶುಕ್ರವಾರ ಮಾತ್ರ ದೂರದ ಬಂಡೆಗಳ ಸಂದಿಯಲ್ಲಿ, ರಾಜನ ತಲೆಯಿದ್ದ ಹಳೆಯ ಕಾಲಾಣೆ ಸಿಕ್ಕಿತು. ಹಿಂದೆ ಇಲ್ಲಿ ನಮ್ಮ ದೇಶದ ರೂಪಾಯಿಯೇ ಚಲಾವಣೆಯಲ್ಲಿತ್ತಂತೆ. ವಸಂತಿ ಅದನ್ನು ಸೆರಗಿನಲ್ಲಿ ಒರೆಸಿ, "ನೋಡಿ ಮಾರಾಯ್ರೆ, ನಮಗಿಂತ ಮೊದಲೇ ಬಂದು ಕೂತಿದೆ. ಅದೂ ಇಕಾಮಾ ಇಲ್ಲದೆ!" ಎಂದಳು. ಇಕಾಮಾ ಎಂದರೆ ನಮ್ಮಂಥವರು ಇಲ್ಲಿ ವಾಸಿಸಲು ಬೇಕಾದ ಪರವಾನಗಿ. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಫ್ಲಾಸ್ಕಿನ ಮುಚ್ಚಳ ತೆರೆದಾಗ ಬರುವ ಏಲಕ್ಕಿಯ ವಾಸನೆ ಬರುತ್ತದೆ. ಕಾರಿನ ಬಾನೆಟ್ಟಿನ ಮೇಲೆ ನೀರುದೋಸೆ, ಆಚೆ ಕಡೆ ಲೇಬರ್ ಕ್ಯಾಂಪಿನ ಹುಡುಗರ ಕ್ರಿಕೆಟ್ಟು, ಎದುರಿಗೆ ಕಡಲು. ಅದಕ್ಕಿಂತ ದೊಡ್ಡ ನಿಧಿಯೇನೂ ನಮಗೆ ಸಿಗಲಿಲ್ಲ. ಬೇಕಾಗಿಯೂ ಇರಲಿಲ್ಲವೆಂದು ಈಗ ಅನ್ನಿಸುತ್ತದೆ.

ಇಲ್ಲಿ ನಮ್ಮ ಒಂದು ಪದ್ಧತಿಯನ್ನು ಹೇಳಬೇಕು. ಹೆಡ್‌ಫೋನ್ ಹಾಕಿಕೊಂಡ ಮೇಲೆ ನನಗೆ ಜಗತ್ತಿನ ಯಾವ ಸದ್ದೂ ಕೇಳುವುದಿಲ್ಲ. ಹಾಗಾಗಿ ಚಾಕ್ಕೆ ಕರೆಯಲು ವಸಂತಿ ಹತ್ತಿರ ಬಂದು, ಸೌಟನ್ನು ಮಿಷನ್ನಿನ ತಟ್ಟೆಯ ಮುಂದೆ ಎರಡು ಸಲ ಆಡಿಸುತ್ತಿದ್ದಳು. 'ಟೊಂಯ್, ಟೊಂಯ್.' ಸ್ವಲ್ಪ ತಡೆದು ಮತ್ತೆ 'ಟೊಂಯ್, ಟೊಂಯ್.' ಮಣ್ಣಿನೊಳಗಿನ ಲೋಹ ಹಾಗೆ ಜೋಡಿಜೋಡಿಯಾಗಿ ಕೂಗುವುದಿಲ್ಲ. ಆ ಸದ್ದು ವಸಂತಿಯದು ಮಾತ್ರ.

ಆ ಶುಕ್ರವಾರ ಸೌಟು ಬಂದಿರಲಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಬೂಂದಿ ಲಾಡು ಆಗಬೇಕಿತ್ತು. ವಸಂತಿ ಅದನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದು ಮೂಲ ಹುದ್ದೆಗೆ ಮರಳಿ ನೇಮಿಸಿ ಅಡುಗೆಮನೆಯಲ್ಲೇ ಬಿಟ್ಟಿದ್ದಳು. ಬದಲಿಗೆ ಮಕ್ಕಳ ಪ್ಲಾಸ್ಟಿಕ್ ಸಲಿಕೆಯೊಂದನ್ನು ಹಿಡಿದುಕೊಂಡಿದ್ದಳು. ಮಿಷನ್ನಿಗೆ ತೊಂದರೆಯೆಂದು ಬಳೆಗಳನ್ನು ಯಾವತ್ತಿನಂತೆ ಬಿಚ್ಚಿಟ್ಟಿದ್ದಳು. ಫೋನು ಕಾರಿನೊಳಗೆ, ಕೈಚೀಲದಲ್ಲಿತ್ತು.

ನೀರು ದೂರಕ್ಕೆ ಇಳಿದಿತ್ತು. "ಕಾಲಾಣೆ ಸಿಕ್ಕಿದ ಕಲ್ಲಿನ ಹತ್ತಿರ ಒಮ್ಮೆ ನೋಡಿ ಬರ್ತೇನೆ" ಎಂದು ಅವಳು ಮುಂದೆ ಹೋದಳು. ನಾನು ದಡದ ಮರಳಿನಲ್ಲೇ ಉಳಿದೆ. ತಲೆ ಎತ್ತಿ ನೋಡುವಾಗ ಕಡಲಿರಲಿಲ್ಲ. ಕಡಲ ಕಡೆಯಿಂದ ಮಂಜು ಬಂದು ಎಲ್ಲವನ್ನೂ ಬಳಿದುಹಾಕಿತ್ತು. ಚಾಚಿದ ನನ್ನ ಕೈ ನನಗೇ ಮಸುಕು. ಕಾಲ ಬಳಿ ನೀರು ತಣ್ಣಗೆ ತಾಗಿತು. ಭರತ ಶುರುವಾಗಿ, ಇಳಿದ ನೀರು ಮತ್ತೆ ಏರುತ್ತಿತ್ತು. ಬಂಡೆಗಳಿಗೂ ದಡಕ್ಕೂ ನಡುವೆ ಒಂದು ತಗ್ಗಿದೆ. ನೀರು ಮೊದಲು ಅಲ್ಲಿ ತುಂಬುತ್ತದೆ. ನಾನು ಕುಂದಾಪುರದ ಕಡೆಯವನು, ನಡೆಯುವ ಮೊದಲೇ ಈಜಿದವನು. ವಸಂತಿಗೆ ಈಜು ಬಾರದು.

ಹೆಡ್‌ಫೋನ್ ಕುತ್ತಿಗೆಗೆ ಜಾರಿಸಿ ಕೂಗಿದೆ. ಅವಳ ಕೂಗೇನೋ ಕೇಳಿತು, ಆದರೆ ಎಲ್ಲ ದಿಕ್ಕಿನಿಂದಲೂ ಬಂತು. ಬಲಕ್ಕೆ ಓಡಿದೆ, ಆಳ ಸಿಕ್ಕಿತು. ಎಡಕ್ಕೆ ಓಡಿದೆ, ಮತ್ತೆ ಆಳ. ಆಮೇಲೆ ಅವಳ ಕೂಗೂ ನಿಂತಿತು. ಕುಂದಾಪುರದ ಕಡಲಿನಲ್ಲೂ ಅಷ್ಟು ಹೆದರಿದವನಲ್ಲ ನಾನು. ಹಾಗೆ ನಿಂತಿರುವಾಗ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಹೆಡ್‌ಫೋನಿನಿಂದ ಸಣ್ಣಗೆ ಸದ್ದು ಕೇಳಿತು.

ಟೊಂಯ್, ಟೊಂಯ್.

ಕಿವಿಗೆ ಹಾಕಿಕೊಂಡೆ. ಕೋಲನ್ನು ಎದೆಯ ಎತ್ತರಕ್ಕೆ ಎತ್ತಿದೆ. ತಟ್ಟೆಯ ಮುಂದೆ ಇದ್ದದ್ದು ಗಾಳಿ ಮತ್ತು ಮಂಜು ಮಾತ್ರ. ಬಲಕ್ಕೆ ತಿರುಗಿಸಿದೆ, ಮೌನ. ಎಡಕ್ಕೆ, ಮೌನ. ನಡುವೆ ಒಂದು ಕಡೆಗೆ ಮಾತ್ರ ಆ ಜೋಡಿ ಸದ್ದು, ಸ್ವಲ್ಪ ತಡೆದು ಮತ್ತೆ ಜೋಡಿ ಸದ್ದು. ಯೋಚಿಸುವ ಗೋಜಿಗೆ ಹೋಗಲಿಲ್ಲ. ಚಾಕ್ಕೆ ಕರೆದಾಗ ಯಾರು ಯೋಚಿಸುತ್ತಾರೆ? ಅತ್ತಲೇ ನಡೆದೆ. ನೀರು ಮೊಣಕಾಲಿಗೆ, ಸೊಂಟಕ್ಕೆ, ತಗ್ಗಿನಲ್ಲಿ ಎದೆಗೆ ಬಂತು; ಮಿಷನ್ನನ್ನು ತಲೆಯ ಮೇಲೆ ಹಿಡಿದೆ. ಸದ್ದು ತಪ್ಪಲಿಲ್ಲ. ಮಂಜಿನಿಂದ ಒಂದು ಬಂಡೆ ಮೂಡಿತು. ಅದರ ಮೇಲೆ, ಪಾದ ನೆನೆಯುವ ನೀರಿನಲ್ಲಿ ವಸಂತಿ ನಿಂತಿದ್ದಳು. ಕಣ್ಣು ಮುಚ್ಚಿದ್ದಳು. ಬರಿಗೈಯನ್ನು ಮುಂದೆ ಚಾಚಿ ಎರಡು ಸಲ ಆಡಿಸುವಳು, ನಿಲ್ಲಿಸುವಳು, ಮತ್ತೆ ಎರಡು ಸಲ ಆಡಿಸುವಳು.

ಅವಳನ್ನು ಮುಟ್ಟಿದ ಕ್ಷಣ ಸದ್ದು ನಿಂತಿತು.

ಅವಳನ್ನು ಬೆನ್ನಿಗೆ ಹಾಕಿಕೊಂಡು, ಅಲೆ ಹಿಂದಿನಿಂದ ತಳ್ಳುವ ದಿಕ್ಕನ್ನೇ ನಂಬಿ ದಡ ಸೇರಿದೆ. ಕಾರಿನಲ್ಲಿ ಹೀಟರ್ ಹಾಕಿ ಕೂತು, ನಡುಕ ನಿಂತ ಮೇಲೆ ಕೇಳಿದೆ: "ಕೂಗುವುದು ಬಿಟ್ಟು ಅದೇನು ಕೈ ಆಡಿಸ್ತಾ ಇದ್ದದ್ದು?"

"ಕೂಗಿ ಕೂಗಿ ಗಂಟಲು ಹೋಯ್ತು. ಮತ್ತೆ ನೆನಪಾಯ್ತು, ನೀವು ಕಿವಿಗೆ ಅದನ್ನು ಕಟ್ಟಿಕೊಂಡಿರ್ತೀರಿ, ಕೂಗಿದರೆ ಎಲ್ಲಿ ಕೇಳ್ತದೆ ಅಂತ. ಕೈಯಲ್ಲಿ ಸೌಟಿಲ್ಲ, ಎಂತ ಮಾಡುದು? ಸುಮ್ಮನೆ ಚಾಕ್ಕೆ ಕರೆದ ಹಾಗೆ ಕರೆದೆ."

ನಾನಾಗ ಇನ್ನೂ ಸದ್ದಿನ ವಿಷಯ ಅವಳಿಗೆ ಹೇಳಿರಲಿಲ್ಲ. ಹೇಳಿದಾಗ ಅವಳು ಆಶ್ಚರ್ಯಪಡಲೂ ಇಲ್ಲ. "ಹೌದಾ? ಕೇಳಿತಲ್ಲ, ಒಳ್ಳೆದಾಯ್ತು" ಎಂದು ಫ್ಲಾಸ್ಕ್ ತೆರೆದಳು.

ಲಾರೆನ್ಸನಿಗೆ ಹೇಳಿದರೆ ಅವನು ನಕ್ಕ. "ಉಪ್ಪುನೀರು ಮಾರಾಯ! ಒದ್ದೆ ಮರಳಿನಲ್ಲಿ ಈ ಮಿಷನ್ ಸುಮ್ಮಸುಮ್ಮನೆ ಬಡ್ಕೊಳ್ತದೆ." ಬಡಿದುಕೊಳ್ಳುವುದು ನಿಜ, ನನಗೂ ಗೊತ್ತು. ಆದರೆ ಉಪ್ಪುನೀರು ಒಂದೇ ದಿಕ್ಕಿನಲ್ಲಿ, ಲೆಕ್ಕ ಇಟ್ಟುಕೊಂಡು ಬಡಿದುಕೊಳ್ಳುತ್ತದೆಯೇ? ನನ್ನ ವೃತ್ತಿಯಲ್ಲಿ ಒಂದು ನಿಯಮವಿದೆ: ಮತ್ತೆ ಮಾಡಿ ತೋರಿಸಲಾಗದ ಅಳತೆ ಅಳತೆಯೇ ಅಲ್ಲ. ಹಾಗಾಗಿ ಮುಂದಿನ ಶುಕ್ರವಾರ, ಬಿಸಿಲು ಚೆನ್ನಾಗಿದ್ದ ಹೊತ್ತಿನಲ್ಲಿ, ವಸಂತಿಯನ್ನು ದೂರದ ಮರಳಿನಲ್ಲಿ ನಿಲ್ಲಿಸಿ, ಶಾಸ್ತ್ರೋಕ್ತವಾಗಿ ಪರೀಕ್ಷೆ ನಡೆಸಿದೆ. ಅವಳು ಬರಿಗೈ ಆಡಿಸಿದಳು, ಸೌಟು ಆಡಿಸಿದಳು, ನನ್ನ ಸಮಾಧಾನಕ್ಕೆ ಬಳೆ ತೊಟ್ಟೂ ಆಡಿಸಿದಳು. ಮಿಷನ್ ತುಟಿ ಬಿಚ್ಚಲಿಲ್ಲ. ಬ್ಯಾಟರಿ ಬದಲಿಸಿದೆ. ದಿಕ್ಕು ಬದಲಿಸಿದೆ. ಒದ್ದೆ ಮರಳಿಗೆ ಹೋದೆ. ಕ್ರಿಕೆಟ್ ಆಡುತ್ತಿದ್ದ ಹುಡುಗರು ಆಟ ನಿಲ್ಲಿಸಿ ನಮ್ಮಿಬ್ಬರನ್ನೂ ಅನುಕಂಪದಿಂದ ನೋಡತೊಡಗಿದರು.

ಕೊನೆಗೆ ವಸಂತಿ ಕೈ ಇಳಿಸಿ, ಅಲ್ಲಿಂದಲೇ ಕೂಗಿದಳು: "ಸಾಕು ಮಾರಾಯ್ರೆ! ನಾನೀಗ ಮುಳುಗ್ತಾ ಇಲ್ವಲ್ಲ. ಅದು ಯಾಕೆ ಕೂಗ್ಬೇಕು?"

ಪರೀಕ್ಷೆಯನ್ನು ಅಲ್ಲಿಗೆ ನಿಲ್ಲಿಸಿದೆ. ಈ ವಾದದಲ್ಲಿ ಎಲ್ಲೋ ದೋಷವಿದೆ ಎಂದು ನನಗೆ ಅಂದೇ ಅನ್ನಿಸಿತ್ತು. ವರ್ಷಗಳು ಕಳೆದವು, ಅದು ಎಲ್ಲಿದೆಯೆಂದು ಇನ್ನೂ ಹುಡುಕುತ್ತಿದ್ದೇನೆ.